ಲೆಕ್ಕದಿಂದ ಬಿಟ್ಟುಹೋದ ಬಾಯ್ಲರ್

ಬಂದರಿಗೆ ಬರುವ ಹಡಗುಗಳು ಗಾಳಿಗೆ ಬಿಡುವ ಹೊಗೆಯ ಲೆಕ್ಕ ಹಾಕುವುದು ನನ್ನ ಕೆಲಸ. ಹೊಗೆಕೊಳವೆಗೇ ಮಾಪಕವಿಟ್ಟು ಅಳೆಯುವ ಅವಕಾಶ ಅಪರೂಪವಾದ್ದರಿಂದ ಎಂಜಿನ್ನಿನ ಸಾಮರ್ಥ್ಯ, ಅದರ ಮೇಲಿನ ಹೊರೆ ಮತ್ತು ಓಡಿದ ಗಂಟೆಗಳನ್ನು ಗುಣಿಸಿ, ಕಿಲೋವ್ಯಾಟ್-ಗಂಟೆಗೆ ಇಷ್ಟು ಗ್ರಾಂ ಎಂಬ ದರವನ್ನು ಅದಕ್ಕೆ ಅನ್ವಯಿಸುತ್ತೇವೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪಣಂಬೂರಿನಲ್ಲಿ ಕಚ್ಚಾ ತೈಲ ಇಳಿಸುತ್ತಿದ್ದ ಟ್ಯಾಂಕರ್ ಒಂದರ ಲೆಕ್ಕವನ್ನು ನಾನು ತಪ್ಪಾಗಿ ಮಾಡಿದೆ. ಧಕ್ಕೆಗೆ ಕಟ್ಟಿದ ಹಡಗಿನಲ್ಲಿ ಮುಖ್ಯ ಎಂಜಿನ್ ನಿಂತಿರುತ್ತದೆ, ಜನರೇಟರ್ ಮಾತ್ರ ಓಡುತ್ತದೆ ಎಂದು ತಿಳಿದು, 700 ಕಿಲೋವ್ಯಾಟ್ ಹೊರೆಯನ್ನು 24 ಗಂಟೆಗೆ ಗುಣಿಸಿ, ಸುಮಾರು 3.7 ಟನ್ ಇಂಧನ ಉರಿದಿದೆ ಎಂದು ಬರೆದೆ. ಹಡಗಿನ ಸೆಕೆಂಡ್ ಎಂಜಿನಿಯರ್ ನನ್ನ ಹಾಳೆಯನ್ನು ನೋಡಿ, ಏನೂ ಹೇಳದೆ ಲಾಗ್ ಪುಸ್ತಕ ತೆರೆದು, ಎಣ್ಣೆಯ ಕಲೆಯಿದ್ದ ಬೆರಳನ್ನು ಪಕ್ಕದ ಅಂಕಣದ ಮೇಲಿಟ್ಟರು. ಅದೇ ದಿನ ಬಾಯ್ಲರ್ 18 ಟನ್ ಉರಿಸಿತ್ತು. "ನಮ್ಮ ಸರಕಿನ ಪಂಪುಗಳು ಓಡುವುದು ಉಗಿಯಿಂದ, ಕರೆಂಟಿನಿಂದಲ್ಲ" ಎಂದರು.

2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇ. 3.50ರಿಂದ ಶೇ. 0.50ಕ್ಕೆ ಇಳಿದಿದೆ, ಈ ಹಡಗು ಇಂಧನ ತುಂಬಿಸಿಕೊಂಡಾಗ ಪಡೆದ ಬಂಕರ್ ರಸೀದಿಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಟನ್ನಿಗೆ 5 ಕಿಲೋ ಗಂಧಕ ಎಂದರೆ, ಉರಿಯುವಾಗ ಆಮ್ಲಜನಕ ಸೇರಿ ತೂಕ ಇಮ್ಮಡಿಯಾಗುವುದರಿಂದ, ಸುಮಾರು 10 ಕಿಲೋ ಸಲ್ಫರ್ ಡೈಆಕ್ಸೈಡ್. ನಾನು ತೋರಿಸಿದ್ದು 37 ಕಿಲೋ, ಬಿಟ್ಟದ್ದು 180 ಕಿಲೋ.

ಹಾಗೆಂದು ಎಲ್ಲ ಮಾಲಿನ್ಯಕಾರಕಗಳನ್ನೂ ಇಂಧನದ ಪ್ರಮಾಣದಲ್ಲಿಯೇ ಏರಿಸಿದ್ದರೆ ಇನ್ನೊಂದು ತಪ್ಪಾಗುತ್ತಿತ್ತು. ಗಂಧಕ ಇಂಧನದೊಳಗಿಂದಲೇ ಬರುತ್ತದೆ, ಅದು ಎಲ್ಲಿ ಉರಿದರೂ ಒಂದೇ. ಆದರೆ ನೈಟ್ರೋಜನ್ ಆಕ್ಸೈಡ್‌ಗಳ ಬಹುಪಾಲು ಹುಟ್ಟುವುದು ಸಿಲಿಂಡರಿನ ವಿಪರೀತ ಶಾಖದಲ್ಲಿ ಗಾಳಿಯ ಸಾರಜನಕವೇ ಉರಿಯುವುದರಿಂದ. ಬಾಯ್ಲರಿನ ಜ್ವಾಲೆಯಲ್ಲಿ, ಅಷ್ಟೇ ಇಂಧನಕ್ಕೆ, ಅದು ಬಹಳ ಕಡಿಮೆ. ಈ ಕಾರಣಕ್ಕೆ ಬಾಯ್ಲರಿಗೆ ಪ್ರತ್ಯೇಕ ದರ ಬೇಕೇ ಬೇಕು.

ಈಗ ನನ್ನ ನಮೂನೆಯಲ್ಲಿ ಟ್ಯಾಂಕರ್ ಸರಕು ಇಳಿಸುತ್ತಿದೆಯೋ ತುಂಬಿಸಿಕೊಳ್ಳುತ್ತಿದೆಯೋ ಎಂಬ ಪ್ರಶ್ನೆ ಮೊದಲಿಗಿದೆ, ಏಕೆಂದರೆ ತುಂಬಿಸುವಾಗ ದುಡಿಯುವುದು ದಡದ ಪಂಪು. ಪಂಪು ಉಗಿಯದೋ ವಿದ್ಯುತ್ತಿನದೋ ಎಂಬುದು ಎರಡನೆಯ ಪ್ರಶ್ನೆ. ಉತ್ತರ ಸಿಗದಿದ್ದರೆ ಹಡಗನ್ನು ಹತ್ತಿಯೇ ಕೇಳುತ್ತೇನೆ. ಮಧ್ಯಾಹ್ನ ಕಡಲಗಾಳಿ ಎದ್ದಾಗ ಆ ಹೊಗೆ ಸಾಗುವುದು ಬಂದರಿನ ಬೆನ್ನಿಗಿರುವ ಮನೆಗಳ ಕಡೆಗೇ.