ಮ್ಯಾಡಿಸನ್ನಿನ ಅಡುಗೆಮನೆಯಲ್ಲಿ 1957

ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ನಮಗೆ ತುಪ್ಪದ ಕಲಬೆರಕೆ ಹಿಡಿಯುವ ಪರೀಕ್ಷೆ ಹೇಳಿಕೊಟ್ಟಿದ್ದರು. ಆಗ ವನಸ್ಪತಿ ತಯಾರಿಸುವವರು ಅದಕ್ಕೆ ಶೇಕಡ 5ರಷ್ಟು ಎಳ್ಳೆಣ್ಣೆ ಸೇರಿಸಲೇಬೇಕಿತ್ತು. ಸರ್ಕಾರದ ಕಟ್ಟಳೆ. ತುಪ್ಪಕ್ಕೆ ಆಸಿಡ್ ಮತ್ತು ಫರ್‌ಫ್ಯೂರಾಲ್ ಹಾಕಿ ಅಲ್ಲಾಡಿಸಿದರೆ, ಎಳ್ಳೆಣ್ಣೆ ಇದ್ದಲ್ಲಿ ಕೆಂಪು ಬಣ್ಣ ಏಳುತ್ತದೆ. ಕಳ್ಳ ಸಿಕ್ಕಿಬಿದ್ದ! ಈ ವಿದ್ಯೆಯಿಂದ ಅಮೆರಿಕದಲ್ಲಿ ನನಗೇನೂ ಉಪಯೋಗವಾಗಲಿಲ್ಲ. ಆದರೆ ವನಸ್ಪತಿಯ ದಾಯಾದಿಯೊಬ್ಬ ಅಲ್ಲಿ ಸಿಕ್ಕಿದ. ನಮ್ಮ ಕಾಲೇಜಿನ ಸಂಚಿಕೆಗೆ ಏನಾದರೂ ಬರೆಯಿರಿ ಅಂದಾಗ ಮೊದಲು ನೆನಪಾದದ್ದು ಅವನೇ.

1957ರ ಆಗಸ್ಟ್ ಕೊನೆಗೆ ನಾನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹೈನುಗಾರಿಕೆ ಓದಲು ಮ್ಯಾಡಿಸನ್ನಿಗೆ ಬಂದೆ. ವಯಸ್ಸು 22. ಊರಿನಲ್ಲಿ ನಯಾಪೈಸೆ ಚಲಾವಣೆಗೆ ಬಂದು ಐದು ತಿಂಗಳಾಗಿತ್ತು ಅಷ್ಟೆ. ನಮ್ಮಮ್ಮ ಇನ್ನೂ ಆಣೆಯಲ್ಲೇ ಲೆಕ್ಕ ಹಾಕುತ್ತಿದ್ದರು. ಇಲ್ಲಿ ನೋಡಿದರೆ ಡಾಲರಿಗೆ 4 ರೂಪಾಯಿ 76 ನಯಾಪೈಸೆ. ಒಂದು ಕಾಫಿ ಕುಡಿದರೂ ಮನಸ್ಸು ಗುಣಾಕಾರ ಮಾಡುತ್ತಿತ್ತು. ಕಡೆಗೆ ಒಂದು ಅಡುಗೆಮನೆಯಲ್ಲಿ ತಟ್ಟೆ ತೊಳೆಯುವ ಕೆಲಸ ಹಿಡಿದೆ. ಗಂಟೆಗೆ 90 ಸೆಂಟು. ಆಮೇಲೆ ಗುಣಾಕಾರ ಸ್ವಲ್ಪ ಕಮ್ಮಿ ಆಯಿತು.

ಕೋಣೆ ಸಿಗುವುದು ಕಷ್ಟವಾಯಿತು. ಫೋನಿನಲ್ಲಿ ಖಾಲಿ ಇದ್ದ ಕೋಣೆ, ನಾನು ಬಾಗಿಲ ಮುಂದೆ ನಿಂತಾಗ ಭರ್ತಿಯಾಗಿರುತ್ತಿತ್ತು. ಎರಡು ಸಲ ಹೀಗೇ ಆಯಿತು. ಮೂರನೇ ಮನೆಯ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಹಿಮ ಬಿದ್ದಾಗ ಸಲಿಕೆ ಹಿಡಿದು ದಾರಿ ಬಿಡಿಸ್ತೀಯಾ?’ ಅಂದರು. ಹಿಮ ಅಂದರೇನು ಅಂತ ಗೊತ್ತಿಲ್ಲದೆ ಹೂಂ ಅಂದೆ. ಆ ಚಳಿಗಾಲ ಪೂರ್ತಿ ಆ ಹೂಂಗೆ ದಂಡ ಕಟ್ಟಿದೆ.

ಅವರ ಅಡುಗೆಮನೆಯಲ್ಲೇ ಡಾಲ್ಡಾದ ದಾಯಾದಿ ಇದ್ದದ್ದು. ಹೆಸರು ಮಾರ್ಗರಿನ್, ಎಣ್ಣೆಯಿಂದ ಮಾಡುವ ಬದಲಿ ಬೆಣ್ಣೆ. ವಿಸ್ಕಾನ್ಸಿನ್ ಅಂದರೆ ಹಾಲು, ಬೆಣ್ಣೆ, ಚೀಸ್‌ನ ರಾಜ್ಯ. ಬೆಣ್ಣೆಯ ಹಾಗೆ ಕಾಣುವ ಹಳದಿ ಮಾರ್ಗರಿನ್ ಅನ್ನು ಅಲ್ಲಿ ಮಾರುವಂತಿರಲಿಲ್ಲ. 1895ರಿಂದ ಇದ್ದ ಕಾನೂನು. ಬಣ್ಣ ಹಾಕದ ಬಿಳಿಯದನ್ನು ಮಾರಬಹುದಿತ್ತು, ಆದರೆ ಅದನ್ನು ಬ್ರೆಡ್ಡಿಗೆ ಸವರಿದರೆ ಹಂದಿ ಕೊಬ್ಬು ಸವರಿದ ಹಾಗೆ ಕಾಣುತ್ತದೆ ಅಂತ ನಮ್ಮ ಮನೆಯೊಡತಿ ಅಜ್ಜಿಯ ದೂರು. ಹಾಗಾಗಿ ಜನ ಸುಮ್ನೆ ಕಾರು ಹತ್ತಿ ಪಕ್ಕದ ಇಲಿನಾಯ್ ರಾಜ್ಯಕ್ಕೆ ಹೋಗಿ ಡಿಕ್ಕಿ ತುಂಬ ಹಳದಿಯದನ್ನು ತರುತ್ತಿದ್ದರು. ಅಜ್ಜಿಗೂ ಅವರ ತಂಗಿ ತಂದುಕೊಡುತ್ತಿದ್ದರು. ಭಾನುವಾರ ಚರ್ಚಿಗೆ ತಪ್ಪದೆ ಹೋಗುವ ಹೆಂಗಸು ಕಳ್ಳಸಾಗಣೆಯ ಡಬ್ಬವನ್ನು ಫ್ರಿಜ್ಜಿನ ಹಿಂಬದಿಯಲ್ಲಿ ಇಡುವುದನ್ನು ನೋಡಿ ನನಗೆ ಒಳಗೊಳಗೇ ಖುಷಿ.

ಬೆಳಿಗ್ಗೆ ತರಗತಿಯಲ್ಲಿ ಬೆಣ್ಣೆಯ ಗುಣಗಾನ, ರಾತ್ರಿ ಮನೆಯಲ್ಲಿ ಮಾರ್ಗರಿನ್! ಹಾಲಿನ ಜಿಡ್ಡು ಅಳೆಯುವ ಬ್ಯಾಬ್‌ಕಾಕ್ ಪರೀಕ್ಷೆ ಹುಟ್ಟಿದ್ದು ಇದೇ ವಿಶ್ವವಿದ್ಯಾಲಯದಲ್ಲಿ, 1890ರಲ್ಲಿ. ಹಾಲಿಗೆ ಗಂಧಕದ ಆಮ್ಲ ಹಾಕಿ, ಬಾಟಲಿಯನ್ನು ಗಿರಗಿರ ತಿರುಗಿಸಿದರೆ ಜಿಡ್ಡು ಕತ್ತಿಗೆ ಏರಿ ನಿಲ್ಲುತ್ತದೆ. ನೀರು ಬೆರೆಸಿದವನಿಗೂ ಗಟ್ಟಿ ಹಾಲು ತಂದವನಿಗೂ ಒಂದೇ ದುಡ್ಡು ಅನ್ನುವ ಕಾಲ ಅಲ್ಲಿಗೆ ಮುಗಿಯಿತು. ಅದನ್ನು ಕಂಡುಹಿಡಿದ ಬ್ಯಾಬ್‌ಕಾಕ್ ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ಅವರ ಹೆಸರಿನ ಕಟ್ಟಡದಲ್ಲೇ ಐಸ್‌ಕ್ರೀಂ ಮಾರುತ್ತಿದ್ದರು. ನನ್ನ 90 ಸೆಂಟಿನಲ್ಲಿ ಎಷ್ಟು ಪಾಲು ಅಲ್ಲಿಗೆ ಹೋಯಿತು ಅಂತ ಅಪ್ಪನಿಗೆ ಬರೆದಿರಲಿಲ್ಲ.

ನಾನು ಬಂದ ವಾರವೇ, ಸೆಪ್ಟೆಂಬರ್ 4ರಂದು, ಫೋರ್ಡ್ ಕಂಪನಿ ಎಡ್ಸೆಲ್ ಅನ್ನುವ ಹೊಸ ಕಾರು ಬಿಡುಗಡೆ ಮಾಡಿತು. ಎಲ್ಲಿ ನೋಡಿದರೂ ಅದರದೇ ಜಾಹೀರಾತು. ಅದರ ಮೂತಿ ಕುದುರೆಗೆ ಹಾಕುವ ಕೊರಳಪಟ್ಟಿಯ ಹಾಗಿದೆ ಅಂತ ಜನ ನಕ್ಕರು. ಎರಡು ವರ್ಷದಲ್ಲಿ ಕಾರೇ ನಿಂತುಹೋಯಿತು, ಬಿಡಿ. ಅದೇ ಸೆಪ್ಟೆಂಬರ್ 4ರಂದು ಅರ್ಕನ್ಸಾಸ್ ರಾಜ್ಯದ ಲಿಟಲ್ ರಾಕ್‌ನಲ್ಲಿ ಎಲಿಜಬೆತ್ ಎಕ್‌ಫರ್ಡ್ ಎಂಬ 15 ವರ್ಷದ ಕಪ್ಪು ಹುಡುಗಿ ಪುಸ್ತಕ ಅವುಚಿಕೊಂಡು ಒಬ್ಬಳೇ, ಅದುವರೆಗೆ ಬಿಳಿಯರಿಗಷ್ಟೇ ಇದ್ದ ಸೆಂಟ್ರಲ್ ಹೈಸ್ಕೂಲಿಗೆ ಹೊರಟಿದ್ದಳು. ಗವರ್ನರ್ ಫಾಬಸ್ ಕಳಿಸಿದ್ದ ನ್ಯಾಷನಲ್ ಗಾರ್ಡ್ ಸೈನಿಕರು ಅವಳನ್ನು ಒಳಗೆ ಬಿಡಲಿಲ್ಲ. ಹಿಂದೆ ಬಿಳಿಯರ ಗುಂಪು ಕೂಗಾಡುತ್ತಿತ್ತು. ಆ ಫೋಟೋ ಲೋಕವೆಲ್ಲ ಸುತ್ತಿತು. ನಮ್ಮ ಮೇಜಿನ ಮೇಲೂ ಬಂತು, ಮಾರ್ಗರಿನ್ ಡಬ್ಬದ ಪಕ್ಕಕ್ಕೆ.

ಮೂರು ವಾರ ಇದೇ ಸುದ್ದಿ. ಆಗ ಟಿವಿಯಲ್ಲಿ ರಾತ್ರಿಯ ಸುದ್ದಿ 15 ನಿಮಿಷ ಮಾತ್ರ. ಅಜ್ಜಿ ತಟ್ಟೆ ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದರು. ಸೆಪ್ಟೆಂಬರ್ 24ರಂದು ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಿದರು. ಮರುದಿನ ಅವಳೂ ಸೇರಿ ಒಂಬತ್ತು ಕಪ್ಪು ಮಕ್ಕಳು ಬಂದೂಕಿನ ಕಾವಲಿನಲ್ಲಿ ಶಾಲೆಯೊಳಗೆ ಹೋದರು. ಅಪ್ಪನ ಪತ್ರವೂ ಬಂತು. ಶಿರಾ ಕಡೆಯ ನಮ್ಮ ಹಳ್ಳಿಯಲ್ಲಿ ಕೂತು ಅವರು ಪತ್ರಿಕೆ ಓದಿದ್ದರು. ‘ಲಿಟಲ್ ರಾಕ್ ನಿನ್ನ ಊರಿಗೆ ಎಷ್ಟು ದೂರ? ನಿನ್ನನ್ನು ಎಲ್ಲಿ ಕೂರಿಸುತ್ತಾರೆ?’

ಅಜ್ಜಿಗೆ ಅದನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ‘ನಿಮ್ಮಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸುತ್ತಾರಾ?’ ಅಂತ ಕೇಳಿದರು. ಚುಚ್ಚಲು ಕೇಳಿದ್ದಲ್ಲ, ನಿಜವಾಗಿ ತಿಳಿಯಲು ಕೇಳಿದ್ದು. ಅದೇ ತೊಂದರೆ ಆಗಿದ್ದು. 1955ರಲ್ಲೇ ಅಸ್ಪೃಶ್ಯತೆಯ ವಿರುದ್ಧ ಕಾನೂನು ಬಂದಿದೆ ಅಂತ ಶುರು ಮಾಡಿದೆ. ಶುರು ಮಾಡಿದವನಿಗೆ ನಮ್ಮೂರಿನ ಕಾಫಿ ಹೋಟೆಲ್ ಕಣ್ಣಿಗೆ ಬಂತು. ಅದರ ಹಿಂಗೋಡೆಯಲ್ಲಿ ಒಂದು ಗೂಡು. ಗೂಡಿನಲ್ಲಿ ನಾಲ್ಕು ಲೋಟ. ಕೇರಿಯವರು ತಾವೇ ತೆಗೆದುಕೊಂಡು, ಹೊರಗೇ ನಿಂತು ಕುಡಿದು, ತಾವೇ ತೊಳೆದಿಡಬೇಕು. ಅಪ್ಪ ದಿನಾ ಪತ್ರಿಕೆ ಓದುತ್ತಿದ್ದದ್ದು ಆ ಗೋಡೆಯ ಈ ಕಡೆಯ ಬೆಂಚಿನಲ್ಲೇ. ಹೇಳಿಬಿಟ್ಟೆ. ಅಜ್ಜಿ ತುಂಬಾ ಹೊತ್ತು ಏನೂ ಅನ್ನದೆ ಟಿವಿ ಆರಿಸಿದರು.

ಅಪ್ಪನಿಗೆ 10 ಸೆಂಟಿನ ಏರೋಗ್ರಾಂನಲ್ಲಿ ದೂರದ ಮೈಲಿ ಲೆಕ್ಕವನ್ನಷ್ಟೇ ಬರೆದೆ.

ಅಕ್ಟೋಬರ್ ಬಂತು. 4ನೇ ತಾರೀಕು ರಷ್ಯದವರು ಸ್ಪುಟ್ನಿಕ್ ಅನ್ನುವ ಮೊದಲ ಕೃತಕ ಉಪಗ್ರಹ ಹಾರಿಸಿದರು. 83 ಕಿಲೋ ಚಿಲ್ಲರೆ ತೂಕ, 96 ನಿಮಿಷಕ್ಕೆ ಭೂಮಿಗೆ ಒಂದು ಸುತ್ತು. ಎಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬನ ಶಾರ್ಟ್‌ವೇವ್ ರೇಡಿಯೋದಲ್ಲಿ ಅದರ ಬೀಪ್ ಬೀಪ್ ಕೇಳಿದೆವು. ಒಂದು ನಸುಕಿನಲ್ಲಿ ಸರೋವರದ ದಂಡೆಗೆ ಹೋಗಿ ಚುಕ್ಕಿಯೊಂದು ಸರಿದುಹೋಗುವುದನ್ನೂ ನೋಡಿದೆವು. ಅದು ಸ್ಪುಟ್ನಿಕ್ ಅಲ್ಲ, ಅದರ ಹಿಂದೆಯೇ ಸುತ್ತುತ್ತಿದ್ದ ರಾಕೆಟ್ಟಿನ ಬುಡ ಅಂತ ಆಮೇಲೆ ತಿಳಿಯಿತು. ಇರಲಿ, ರೋಮಾಂಚನ ಅಂತೂ ನಿಜವಾಗಿತ್ತು.

ಆ ವಾರ ಅಮೆರಿಕ ಬೆಚ್ಚಿಬಿತ್ತು ಅಂತ ಎಲ್ಲ ಕಡೆ ಬರೆಯುತ್ತಾರೆ. ನಮ್ಮ ಬೀದಿಯಲ್ಲಿ ಹಾಗೇನೂ ಕಾಣಲಿಲ್ಲ. ಅಲ್ಲಿ ಎಲ್ಲರ ಬಾಯಲ್ಲೂ ಮಿಲ್ವಾಕಿ ಬ್ರೇವ್ಸ್! ಪಕ್ಕದೂರಿನ ಬೇಸ್‌ಬಾಲ್ ತಂಡ ನ್ಯೂಯಾರ್ಕ್ ಯಾಂಕೀಸ್ ಜೊತೆ ವರ್ಲ್ಡ್ ಸೀರೀಸ್ ಆಡುತ್ತಿತ್ತು. ಅಕ್ಟೋಬರ್ 10ರಂದು ಏಳನೇ ಪಂದ್ಯ. ಲೂ ಬರ್ಡೆಟ್ ಚೆಂಡೆಸೆದು 5-0ರಿಂದ ಗೆಲ್ಲಿಸಿದ. ಸರಣಿಯಲ್ಲಿ ಅವನೊಬ್ಬನದೇ ಮೂರು ಗೆಲುವು. ಅಜ್ಜಿ ನನ್ನನ್ನು ತಬ್ಬಿಕೊಂಡರು. ಅವರಿಗೆ ತಂಡದಲ್ಲಿ ಎಲ್ಲರಿಗಿಂತ ಇಷ್ಟ ಹ್ಯಾಂಕ್ ಆರನ್. ಅವನೂ ಕಪ್ಪು ಹುಡುಗನೇ, ಅಲ್ವಾ?

ಅದೇ ತಿಂಗಳು ನನಗೆ ಫ್ಲೂ. ಆ ವರ್ಷದ ಫ್ಲೂಗೆ ‘ಏಷ್ಯನ್ ಫ್ಲೂ’ ಅಂತ ಹೆಸರು. ತರಗತಿಯಲ್ಲಿ ಅರ್ಧ ಕುರ್ಚಿಗಳು ಖಾಲಿ. ಅದನ್ನು ನಾನೇ ಟ್ರಂಕಿನಲ್ಲಿ ತಂದೆ ಅನ್ನೋ ಹಾಗೆ ಎಲ್ಲರೂ ತಮಾಷೆ ಮಾಡಿದರು. ಡಿಸೆಂಬರ್ 6ರಂದು ಅಮೆರಿಕದ ವ್ಯಾನ್‌ಗಾರ್ಡ್ ರಾಕೆಟ್ ಒಂದು ಮಾರು ಮೇಲೆದ್ದು ಅಲ್ಲೇ ಕುಸಿದು ಉರಿದುಹೋಯಿತು. ಚಕ್ಕೋತ ಹಣ್ಣಿನಷ್ಟಿದ್ದ ಅದರ ಉಪಗ್ರಹ ಮಾತ್ರ ಪಕ್ಕಕ್ಕೆ ಬಿದ್ದು, ನೆಲದ ಮೇಲಿಂದಲೇ ಸಂಕೇತ ಕಳಿಸುತ್ತಿತ್ತಂತೆ. ಅಜ್ಜಿಗೆ ಆ ಉಪಗ್ರಹದ ಮೇಲೆ ಬಹಳ ಅಕ್ಕರೆ. ‘ಪಾಪದ್ದು, ಅದಕ್ಕೆ ಯಾರೂ ಹೇಳಿಲ್ಲ’ ಅಂದರು.

ಜನವರಿಯಲ್ಲಿ ಮೆಂಡೋಟಾ ಸರೋವರ ಕಲ್ಲಿನ ಹಾಗಿತ್ತು. ಜನ ಅದರ ಮೇಲೆ ಗುಡಿಸಲಿಟ್ಟು, ತೂತು ಕೊರೆದು ಮೀನು ಹಿಡಿಯುತ್ತಿದ್ದರು. ನಾನು ಸಲಿಕೆ ಹಿಡಿದಿದ್ದೆ.

ಓದು ಮುಗಿಸಿ ವಾಪಸು ಬಂದ ಮೇಲೆ ಪ್ರತಿ ಕ್ರಿಸ್‌ಮಸ್‌ಗೂ ಅಜ್ಜಿಯ ಕಾರ್ಡು ಬರುತ್ತಿತ್ತು. ಎರಡೇ ಸಾಲು, ಮೊಮ್ಮಕ್ಕಳ ಲೆಕ್ಕ. 1967ರ ಕಾರ್ಡಿನಲ್ಲಿ ಮಾತ್ರ ಜಾಸ್ತಿ ಬರೆದಿದ್ದರು. ಹಳದಿ ಮಾರ್ಗರಿನ್ ಕಾನೂನನ್ನು ಕೊನೆಗೂ ತೆಗೆದರಂತೆ, ಈಗ ಡಬ್ಬವನ್ನು ಮುಂದೆಯೇ ಇಡುತ್ತೇನೆ ಅಂತ. ಕೆಳಗೆ ಒಂದು ಪ್ರಶ್ನೆ: ‘ನಿಮ್ಮೂರ ಲೋಟಗಳು ಏನಾದವು?’

ಸಂಕ್ರಾಂತಿಗೆ ಊರಿಗೆ ಹೋದಾಗ ಹೋಟೆಲಿನ ಹಿಂದಕ್ಕೆ ಹೋಗಿ ನೋಡಿದೆ. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಗೂಡಿಗೂ ಬಳಿದಿದ್ದರು. ಲೋಟಗಳನ್ನು ತೆಗೆದು, ಬಳಿದು, ಮತ್ತೆ ಅಲ್ಲೇ ಇಟ್ಟಿದ್ದರು. ನಾನು ಕಾರ್ಡಿಗೆ ಉತ್ತರ ಬರೆಯುವ ಹೊತ್ತಿಗೆ ಯುಗಾದಿ ಬಂದಿತ್ತು.