ಮುಖ ತೋರಿಸದವರು

ನಿನ್ನೆ ರಾತ್ರಿ ನಿದ್ದೆ ಬರದೆ ಸುಮ್ನೆ ಫೋನಿನಲ್ಲಿ ಹಳೆಯ ಚಿತ್ರಗಳನ್ನು ನೋಡುತ್ತಿದ್ದೆ. ಮೊದಲು ಸಿಕ್ಕಿದ್ದು ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೆಡ್ರಿಕ್ 1818ರ ಸುಮಾರಿಗೆ ಬರೆದ ಚಿತ್ರ. ಕೋಲು ಹಿಡಿದು ಬಂಡೆಯ ತುದಿಯಲ್ಲಿ ನಿಂತವನು ನಮಗೆ ಬೆನ್ನು ಹಾಕಿದ್ದಾನೆ. ಕೆಳಗೆಲ್ಲ ಮಂಜು. ಭಾವನೆಯನ್ನೂ ಪ್ರಕೃತಿಯನ್ನೂ ಮೆರೆಸಿದ ಆ ಕಾಲದ ರೊಮ್ಯಾಂಟಿಕ್ ಕವಿಗಳು ಪುಟಗಟ್ಟಲೆ ಹಾಡಿದ ಒಂಟಿತನ ಆ ಒಂದು ಬೆನ್ನಿನಲ್ಲೇ ಇದೆ ಅನ್ನಿಸಿತು.

ಆಮೇಲೆ ಫ್ರಾನ್ಸಿನ ಚಿತ್ರಕಾರ ಕೂರ್ಬೆ, 1849. ಕಲ್ಲು ಒಡೆಯುವ ಇಬ್ಬರು. ಇಲ್ಲೂ ಮುಖ ಸರಿಯಾಗಿ ಕಾಣುವುದಿಲ್ಲ. ಮುದುಕನದು ಟೋಪಿಯ ನೆರಳಲ್ಲಿ, ಹುಡುಗನದು ಆಚೆ ಕಡೆಗೆ. ಶಿಖರವಿಲ್ಲ, ಮಂಜಿಲ್ಲ. ಮುದುಕನ ಹರಿದ ಕಾಲುಚೀಲದಿಂದ ಹಿಮ್ಮಡಿ ಇಣುಕುತ್ತಿದೆ. ಹುಡುಗ ಕಲ್ಲಿನ ಬುಟ್ಟಿಯನ್ನು ಮೊಣಕಾಲಿಗೆ ಆನಿಸಿಕೊಂಡಿದ್ದಾನೆ. ಕಾದಂಬರಿಗಳೂ ಕನಸಿನ ನಾಯಕರನ್ನು ಬಿಟ್ಟು ಇಂಥವರ ಕಡೆ ತಿರುಗುತ್ತಿದ್ದ ಕಾಲ ಅದು. ಮುಖ ಮುಚ್ಚಿದ್ದು ಇಬ್ಬರೂ ಚಿತ್ರಕಾರರೇ, ಆದರೆ ಕಾರಣ ಬೇರೆ ಅಲ್ವಾ? ಅಲ್ಲಿ ಮನುಷ್ಯ ಮುಖ ತಿರುಗಿಸಿದ್ದು ಪ್ರಕೃತಿಯನ್ನು ನೋಡಲಿಕ್ಕೆ. ಇಲ್ಲಿ ಕೂಲಿಯವನ ಮುಖ ಯಾರೂ ನೋಡುವುದೇ ಇಲ್ಲ. ನನಗೆ ಹಿಮ್ಮಡಿಯೇ ಜಾಸ್ತಿ ಕಾಡಿತು. ಮೂಲ ಚಿತ್ರ 1945ರಲ್ಲಿ ಜರ್ಮನಿಯ ಡ್ರೆಸ್ಡನ್ ಹತ್ತಿರ ಬಾಂಬ್ ದಾಳಿಯಲ್ಲಿ ನಾಶವಾಯಿತಂತೆ. ಉಳಿದಿರುವುದು ಫೋಟೋ ಮಾತ್ರ.

ಕೊನೆಗೆ ಬೆಲ್ಜಿಯಂನ ಚಿತ್ರಕಾರ ಮಾಗ್ರಿಟ್. ಫ್ರೆಂಚ್ ಕವಿ ಬ್ರೆಟನ್ ಸರ್ರಿಯಲಿಸಂನ, ಅಂದರೆ ತರ್ಕ ಬಿಟ್ಟು ಕನಸಿನ ಹಾದಿ ಹಿಡಿದ ಕಲೆಯ, ಪ್ರಣಾಳಿಕೆ ಬರೆದ ನಾಲ್ಕು ವರ್ಷಕ್ಕೆ, 1928ರಲ್ಲಿ, ತಲೆಗೆ ಬಿಳಿ ಬಟ್ಟೆ ಸುತ್ತಿಕೊಂಡೇ ಮುತ್ತಿಡುವ ಜೋಡಿಯನ್ನು ಬರೆದ. ಅರ್ಥ ಕೇಳಬೇಡಿ. ಲೈಟ್ ಆರಿಸಿ ಮಲಗಿದ ಮೇಲೆ ನಾನು ಮುಸುಕು ಹಾಕಿಕೊಳ್ಳಲಿಲ್ಲ.