ಬಂಕ್ ಇಲ್ಲದ ದಾರಿಯ ಪೆಟ್ರೋಲ್ ಲೆಕ್ಕ

ಉತ್ತರ ಅಲಾಸ್ಕಾದ ಡಾಲ್ಟನ್ ಹೆದ್ದಾರಿಯಲ್ಲಿ ಕೋಲ್ಡ್‌ಫುಟ್ ಬಿಟ್ಟ ಬೈಕಿಗೆ ಮುಂದೆ ಪೆಟ್ರೋಲ್ ಸಿಗುವುದು ಸುಮಾರು 386 ಕಿ.ಮೀ. ದೂರದ ಡೆಡ್‌ಹಾರ್ಸ್‌ನಲ್ಲಿ. 13 ಲೀಟರ್ ಟ್ಯಾಂಕಿನ, ಲೀಟರಿಗೆ 30 ಕಿ.ಮೀ. ಕೊಡುವ ಬೈಕ್ ಇದ್ದವರು ಗುಣಿಸಿ ನೋಡಿದರೆ 390 ಬರುತ್ತದೆ. ಗುಣಾಕಾರದಲ್ಲಿ ತಪ್ಪೇನೂ ಇಲ್ಲ. ಆದರೂ ಈ ಲೆಕ್ಕವನ್ನೇ ನಂಬಿ ಹೊರಟವರ ಬೈಕು ಊರು ಇನ್ನೂ ಸಾಕಷ್ಟು ದೂರವಿರುವಾಗಲೇ ನಿಲ್ಲುತ್ತದೆ.

ಮೊದಲನೆಯದಾಗಿ, ಟ್ಯಾಂಕಿನಲ್ಲಿರುವ ಪೆಟ್ರೋಲೆಲ್ಲವೂ ಎಂಜಿನ್ನಿಗೆ ಸಿಗುವುದಿಲ್ಲ. ತಳದಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ. ಇಂಜೆಕ್ಷನ್ ಬೈಕುಗಳಲ್ಲಂತೂ ಪಂಪು ಸಾಮಾನ್ಯವಾಗಿ ಟ್ಯಾಂಕಿನ ಒಳಗೇ ಇದ್ದು, ಅದನ್ನು ತಂಪಾಗಿಡುವುದೂ ಅದೇ ಪೆಟ್ರೋಲಾದ್ದರಿಂದ, ಕೊನೆಯ ಹನಿಯವರೆಗೆ ಓಡಿಸುವುದು ಪಂಪಿಗೆ ಒಳ್ಳೆಯದಲ್ಲ. ಎರಡನೆಯದಾಗಿ, ಡಾಂಬರಿನ ಮೇಲೆ ಸಿಕ್ಕ ಮೈಲೇಜು ಜಲ್ಲಿ, ಮರಳು, ಕೆಸರಿನ ದಾರಿಯಲ್ಲಿ ಸಿಗುವುದಿಲ್ಲ. ಕೆಳಗಿನ ಗೇರಿನಲ್ಲಿ ಗಂಟೆಗಟ್ಟಲೆ ಓಡುವ ಎಂಜಿನ್ನು, ಹಿಂದೆ ಹೇರಿದ ಸಾಮಾನು, ಎದುರುಗಾಳಿ ಎಲ್ಲವೂ ತಮ್ಮ ಪಾಲು ಕೀಳುತ್ತವೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದವರು 100ಕ್ಕೆ ಹೋದರೆ ಆ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಬೈಕಾದರೆ, ಎತ್ತರದ ಕಣಿವೆಮಾರ್ಗಗಳ ತೆಳುಗಾಳಿಯಲ್ಲಿ ಮಿಶ್ರಣಕ್ಕೆ ಪೆಟ್ರೋಲ್ ಹೆಚ್ಚಾಗಿ, ಶಕ್ತಿ ಕುಂದುವುದರ ಜೊತೆಗೆ ಮೈಲೇಜೂ ಇಳಿಯುತ್ತದೆ.

ಆದ್ದರಿಂದ ಅದೇ ಲೆಕ್ಕವನ್ನು ನಾನು ಹಾಕುವ ರೀತಿ ಬೇರೆ. ಬಳಕೆಗೆ ಸಿಗುವುದು 12.5 ಲೀಟರ್ ಎಂದಿಟ್ಟುಕೊಳ್ಳುತ್ತೇನೆ. ಮೈಲೇಜಿಗೆ ಕಂಪನಿ ಹೇಳಿದ ಅಂಕಿಯನ್ನಾಗಲಿ, ಮೀಟರಿನಲ್ಲಿ ಕಾಣುವ ಸರಾಸರಿಯನ್ನಾಗಲಿ ಹಿಡಿಯದೆ, ಪೂರ್ತಿ ಸಾಮಾನು ಕಟ್ಟಿಕೊಂಡು, ಟ್ಯಾಂಕ್ ತುಂಬಿಸಿ ಓಡಿಸಿ ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ ಅಳೆದಾಗ ಸಿಕ್ಕವುಗಳ ಪೈಕಿ ಅತಿ ಕಡಿಮೆಯ ಅಂಕಿಯನ್ನು ಹಿಡಿಯುತ್ತೇನೆ. ಅದು 24 ಎನ್ನೋಣ. ದಾರಿ ತಪ್ಪುವುದಕ್ಕೆ, ಸುತ್ತುಬಳಸಿಗೆ, ಸ್ವಲ್ಪ ದೂರ ಹಿಂತಿರುಗಬೇಕಾಗಿ ಬರುವುದಕ್ಕೆ ಕಾಲು ಭಾಗ ಸೇರಿಸಿದರೆ 386 ಎಂಬುದು 482 ಆಗುತ್ತದೆ. ಅದಕ್ಕೆ ಬೇಕಾಗುವುದು 20 ಲೀಟರಿಗೆ ತುಸು ಹೆಚ್ಚು. ಟ್ಯಾಂಕಿನದನ್ನು ಕಳೆದರೆ 7.6 ಉಳಿಯುತ್ತದೆ. ಎಂಟು ಲೀಟರ್ ಒಯ್ದರೆ ಸಾಕು. ಇನ್ನು, 350 ಕಿ.ಮೀ. ಹೋದ ಮೇಲೆ ಸೇತುವೆ ಕೊಚ್ಚಿಹೋಗಿದೆ ಎಂದು ತಿಳಿದು ಪೂರ್ತಿ ಹಿಂತಿರುಗುವ ಪ್ರಸಂಗಕ್ಕೆ ಪೆಟ್ರೋಲ್ ಹೊರುವುದು ಬೈಕಿನಿಂದ ಆಗುವ ಕೆಲಸವಲ್ಲ. ಅದಕ್ಕೆ ಉಪಾಯವೆಂದರೆ ಹೊರಡುವ ಮುನ್ನ ಎದುರಿನಿಂದ ಬಂದವರನ್ನು ದಾರಿಯ ಸ್ಥಿತಿ ಕೇಳುವುದು.

ಎಂಟು ಲೀಟರ್ ಎಂದರೆ ಸುಮಾರು ಆರು ಕಿಲೋ ಭಾರ. ಹೆಚ್ಚಲ್ಲ ನಿಜ, ಆದರೆ ಈ ಆರು ಕಿಲೋ ಉಳಿದ ಸಾಮಾನಿನಂತಲ್ಲ. ಬಹಳ ಮಂದಿ ಇದನ್ನು ಆಪತ್ಕಾಲದ ನಿಧಿಯೆಂದು ಭಾವಿಸಿ, ಟ್ಯಾಂಕು ಬರಿದಾಗಿ ಬೈಕು ನಿಲ್ಲುವವರೆಗೂ ಕ್ಯಾನು ಮುಟ್ಟುವುದಿಲ್ಲ; ಕೆಲವರು ತುಂಬಿದ ಕ್ಯಾನನ್ನು ಹಾಗೆಯೇ ಮನೆಗೆ ತಂದು, ಅದನ್ನೇ ಎಚ್ಚರಿಕೆಯೆಂದು ಹೇಳಿಕೊಳ್ಳುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ನೇರ ವಿರುದ್ಧ. ಬೈಕಿನಲ್ಲಿ ಪೆಟ್ರೋಲ್ ಇರಲೆಂದೇ ಕಟ್ಟಿದ ಜಾಗ ಟ್ಯಾಂಕ್ ಒಂದೇ. ಆ ಟ್ಯಾಂಕಿನಲ್ಲಿ ಕ್ಯಾನಿನಷ್ಟು ಜಾಗವಾದ ಕೂಡಲೇ, ಅಂದರೆ ಮೇಲಿನ ಉದಾಹರಣೆಯಲ್ಲಿ 200 ಕಿ.ಮೀ. ದಾಟುವ ಹೊತ್ತಿಗೆ, ಕ್ಯಾನಿನದನ್ನೆಲ್ಲ ಅದಕ್ಕೆ ಸುರಿದುಬಿಡಬೇಕು. ಭಾರ ಹಿಂಬದಿಯಿಂದ ಇಳಿಯುತ್ತದೆ, ಬಿದ್ದರೆ ಒಡೆಯುವ ಭಯ ಹೋಗುತ್ತದೆ, ಕ್ಯಾನು ಎಲ್ಲಾದರೂ ಸೋರಿದ್ದರೆ ಅದೂ ಸಮಯವಿರುವಾಗಲೇ ಗೊತ್ತಾಗುತ್ತದೆ. ನಿಂತುಹೋದ ಮೇಲೆ ಕ್ಯಾನು ಬಿಚ್ಚಿ, ಅದು ಅರ್ಧ ಖಾಲಿ ಎಂದು ಕಾಣುವುದಕ್ಕಿಂತ ಇದು ಎಷ್ಟೋ ವಾಸಿ.

ಪೆಟ್ರೋಲನ್ನು ದ್ರವವೆಂದು ಮಾತ್ರ ಎಣಿಸುವುದರಿಂದಲೇ ಅನೇಕ ಅನಾಹುತಗಳಾಗುತ್ತವೆ. ಮೈನಸ್ 40 ಡಿಗ್ರಿಯ ಆಸುಪಾಸಿನ ಚಳಿಯಲ್ಲೂ ಕಿಡಿ ತಾಕಿದರೆ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾಗಿರುವುದರಿಂದ ಮೇಲೇರಿ ಚದುರದೆ ನೆಲಕ್ಕಿಳಿದು ತಗ್ಗಿನಲ್ಲಿ ಹರಡುತ್ತದೆ. ಗುಡಾರದ ಬಾಗಿಲಲ್ಲಿ ಸ್ಟೌ ಉರಿಯುತ್ತಿರುವಾಗ ಪಕ್ಕದ ದಿಣ್ಣೆಯ ಮೇಲೆ ಟ್ಯಾಂಕ್ ತುಂಬಿಸಬಾರದು ಎನ್ನುವುದು ಇದೇ ಕಾರಣಕ್ಕೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಪೆಟ್ರೋಲಿನ ಗಾತ್ರ ಸುಮಾರು ಶೇ. 0.1ರಷ್ಟು ಹಿಗ್ಗುತ್ತದೆ. ಬೆಳಗಿನ ಚಳಿಯಲ್ಲಿ ಕಂಠಮಟ್ಟ ತುಂಬಿಸಿದ ಐದು ಲೀಟರ್ ಮಧ್ಯಾಹ್ನದ ಬಿಸಿಲಿಗೆ 25 ಡಿಗ್ರಿ ಹೆಚ್ಚು ಕಾದರೆ ನೂರು ಮಿಲಿ ಲೀಟರಿಗೂ ಹೆಚ್ಚಿನ ಜಾಗ ಬೇಡುತ್ತದೆ. ಹಾಗಾಗಿ ಕ್ಯಾನಿನ ಮೇಲ್ಭಾಗವನ್ನು ಸ್ವಲ್ಪ ಖಾಲಿ ಬಿಡಲೇಬೇಕು.

ಎತ್ತರಕ್ಕೆ ಹೋದಾಗ ಇದರ ಇನ್ನೊಂದು ಮುಖ ಕಾಣುತ್ತದೆ. ಬಯಲಿನಲ್ಲಿ ಚಪ್ಪಟೆಯಾಗಿದ್ದ ಪ್ಲಾಸ್ಟಿಕ್ ಕ್ಯಾನಿನ ಬದಿಗಳು ನಾಲ್ಕು ಸಾವಿರ ಮೀಟರ್ ದಾಟುವ ಹೊತ್ತಿಗೆ ಉಬ್ಬಿ, ಕಟ್ಟಿದ ಪಟ್ಟಿ ಬೆರಳು ತೂರಿಸಲಾಗದಷ್ಟು ಬಿಗಿದಿರುತ್ತದೆ. ಅಂಥ ಕ್ಯಾನನ್ನು ನೆಲಕ್ಕಿಳಿಸಿ, ನೆರಳಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಮುಖ ಆಚೆ ತಿರುಗಿಸಿಕೊಂಡು, ಮುಚ್ಚಳದ ಮೇಲೆ ಬಟ್ಟೆ ಹಾಕಿ ಕಾಲು ಸುತ್ತು ಮಾತ್ರ ತಿರುಗಿಸಬೇಕು. ಸುಯ್ಯೆಂದು ಆವಿ ಹೊರಡುತ್ತದೆ. ಬಟ್ಟೆಗೆ ನಾಲ್ಕಾರು ಹನಿ ಸಿಡಿಯುತ್ತವೆ. ಸದ್ದು ನಿಂತು ಬದಿಗಳು ಒಳಸರಿದ ಮೇಲೆ ಉಳಿದ ಸುತ್ತು. ಒಮ್ಮೆಲೇ ತೆರೆದರೆ ಆ ಪೆಟ್ರೋಲ್ ಹಾರುವುದು ಬಿಸಿ ಎಂಜಿನ್ನಿನ ಮೇಲೆ ಇಲ್ಲವೇ ತೆರೆದವರ ಕಣ್ಣಿಗೆ.

ಯಾವುದರಲ್ಲಿ ಒಯ್ಯಬೇಕು ಎಂಬ ಪ್ರಶ್ನೆಗೆ ಹಳೆಯ ಉತ್ತರವೇ ಇಂದಿಗೂ ದಾರಿ ತೋರಿಸುತ್ತದೆ. 1930ರ ದಶಕದ ಕೊನೆಯಲ್ಲಿ ಜರ್ಮನ್ ಸೇನೆಗಾಗಿ ರೂಪಿಸಿದ 20 ಲೀಟರಿನ ಉಕ್ಕಿನ ಡಬ್ಬವೇ ಮುಂದೆ ಜೆರಿ ಕ್ಯಾನ್ ಎಂದು ಹೆಸರಾಯಿತು. ಒಬ್ಬನೂ ಹಿಡಿಯಬಹುದಾದ, ಇಬ್ಬರೂ ಸೇರಿ ಹಿಡಿಯಬಹುದಾದ ಮೂರು ಹಿಡಿಗಳು, ಅಮುಕಿದರೆ ತಾನೇ ಬಿಗಿಯಾಗುವ ಮುಚ್ಚಳ, ತುಂಬಿಸಿದರೂ ಮೇಲೆ ಗಾಳಿ ಉಳಿಯುವ ಆಕಾರ ಅದರ ವಿಶೇಷ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಬಳಸುತ್ತಿದ್ದ ತೆಳು ತಗಡಿನ ಡಬ್ಬಗಳು ಬೆಸುಗೆ ಬಿಟ್ಟು ಸೋರುತ್ತಿದ್ದುದರಿಂದ, ಶತ್ರುವಿನಿಂದ ವಶಪಡಿಸಿಕೊಂಡ ಕ್ಯಾನುಗಳಿಗೆ ಅಲ್ಲಿ ಬಲು ಬೇಡಿಕೆಯಿತ್ತು. ಕೊನೆಗೆ ಬ್ರಿಟಿಷರೂ ಅದನ್ನೇ ನಕಲು ಮಾಡಿದರು. ಬೈಕಿಗೆ 20 ಲೀಟರಿನದು ಅತಿಯಾಯಿತು. ಆದರೆ ಹಿಗ್ಗಲು ಜಾಗ, ನಂಬಬಹುದಾದ ಮುಚ್ಚಳ, ಗಟ್ಟಿಯಾದ ಅಂಚು ಎಂಬ ಮೂರು ಗುಣಗಳನ್ನು ಚಿಕ್ಕ ಕ್ಯಾನಿನಲ್ಲೂ ನೋಡಿಯೇ ಕೊಳ್ಳಬೇಕು. ನೀರಿನ ಬಾಟಲಿಯ ಮಾತೇ ಬೇಡ: ಅದರ ಮುಚ್ಚಳ ಪೆಟ್ರೋಲ್ ಆವಿಯನ್ನು ತಡೆಯಲು ಮಾಡಿದ್ದಲ್ಲ, ಗೋಡೆ ತೆಳು, ಮೇಲಾಗಿ ಕತ್ತಲಲ್ಲಿ ಯಾರಾದರೂ ನೀರೆಂದು ಎತ್ತಿಕೊಂಡಾರು. ಬಾಟಲಿಗೆ ಪೆಟ್ರೋಲ್ ಹಾಕುವುದನ್ನು ಎಷ್ಟೋ ದೇಶಗಳಲ್ಲಿ ನಿಷೇಧಿಸಿಯೂ ಇದ್ದಾರೆ.

ಕಟ್ಟುವ ಜಾಗ ಆದಷ್ಟು ಕೆಳಗೆ, ಆದಷ್ಟು ಬೈಕಿನ ನಡುವಿಗೆ ಹತ್ತಿರ, ಸೈಲೆನ್ಸರ್ ಇಲ್ಲದ ಬದಿಗೆ ಇರಬೇಕು. ಹಿಂದಿನ ಅಚ್ಚಿನಿಂದಾಚೆ, ಕ್ಯಾರಿಯರಿನ ತುದಿಯಲ್ಲಿ ಕಟ್ಟಿದ ಭಾರ ಮುಂದಿನ ಚಕ್ರವನ್ನು ಹಗುರಾಗಿಸಿ, ಮರಳಿನಲ್ಲಿ ಹ್ಯಾಂಡಲ್ ಹಿಡಿತವನ್ನೇ ತಪ್ಪಿಸುತ್ತದೆ. ಸ್ಥಿತಿಸ್ಥಾಪಕ ಹಗ್ಗಗಳ ಬಗ್ಗೆ ನನಗೆ ನಂಬಿಕೆಯಿಲ್ಲ. ಬಕಲ್ ಇರುವ ಪಟ್ಟಿಯೇ ಸರಿ.

ಬಂಕಿನಲ್ಲಿ ಕ್ಯಾನು ತುಂಬಿಸುವಾಗ ಅದನ್ನು ಬೈಕಿನಿಂದ ಬಿಚ್ಚಿ ನೆಲದ ಮೇಲಿಟ್ಟೇ ತುಂಬಿಸಬೇಕು, ನಳಿಕೆ ಕ್ಯಾನಿನ ಬಾಯಿಗೆ ತಾಗಿಕೊಂಡಿರಬೇಕು. ಹರಿಯುವ ಪೆಟ್ರೋಲಿನಿಂದ ಹುಟ್ಟುವ ಸ್ಥಿರವಿದ್ಯುತ್ತು ನೆಲಕ್ಕಿಳಿಯಲು ದಾರಿ ಸಿಗದೆ ಶೇಖರವಾಗಿ ಕಿಡಿಯಾಗುವುದು ಕಟ್ಟುಕಥೆಯಲ್ಲ. ಬಂಕಿನ ಸಿಬ್ಬಂದಿ ಗದರುವುದಕ್ಕೆ ಕಾರಣವಿದೆ.

ದೂರದ ಹಳ್ಳಿಗಳಲ್ಲಿ ಡ್ರಮ್ಮಿನಿಂದ ಅಳೆದುಕೊಡುವ ಪೆಟ್ರೋಲ್ ಸಿಕ್ಕರೆ ಅದನ್ನು ಕೃತಜ್ಞತೆಯಿಂದ ಕೊಳ್ಳುತ್ತೇನೆ, ಆದರೆ ನೇರವಾಗಿ ಟ್ಯಾಂಕಿಗೆ ಹಾಕುವುದಿಲ್ಲ. ಪಾರದರ್ಶಕ ಪಾತ್ರೆಯಲ್ಲಿ ಸ್ವಲ್ಪ ಹಿಡಿದು ಕೆಲ ನಿಮಿಷ ಅಲುಗಿಸದೆ ಇಟ್ಟರೆ, ನೀರಿದ್ದಲ್ಲಿ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ನಡುವಿನ ಗೆರೆ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ತುಕ್ಕಿನ ಕಣಗಳು ಆ ಗೆರೆಯ ಕೆಳಗೆ ಕಂದು ಪುಡಿಯಂತೆ ಕೂತಿರುತ್ತವೆ. ಉಳಿದದ್ದನ್ನು ಸಣ್ಣ ಜಾಲರಿಯ ಆಲಿಕೆಯಿಂದ ಸೋಸಿ, ಕೊನೆಯ ಒಂದೆರಡು ಲೋಟದಷ್ಟನ್ನು ಹಿಂದೆಯೇ ಬಿಡುತ್ತೇನೆ. ಎಥನಾಲ್ ಬೆರೆತ ಪೆಟ್ರೋಲಾದರೆ ಅದು ನೀರನ್ನು ಒಂದು ಮಿತಿಯವರೆಗೆ ಹೀರಿಕೊಂಡು, ಮಿತಿ ದಾಟಿದ ಮೇಲೆ ಎಥನಾಲ್ ಸಮೇತ ಕೆಳಗೆ ಬಿಟ್ಟುಕೊಡುವುದರಿಂದ, ಅಂಥದ್ದನ್ನು ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಡುವುದೂ ತರವಲ್ಲ. ಜೊತೆಗಾರರ ಬೈಕಿನಿಂದ ತೆಗೆಯಬೇಕಾಗಿ ಬಂದರೆ ಕೈಪಂಪಿನ ಕೊಳವೆ ಇಟ್ಟುಕೊಂಡಿರಬೇಕು. ಬಾಯಿಂದ ಎಳೆದ ಪೆಟ್ರೋಲ್ ಶ್ವಾಸಕೋಶಕ್ಕೆ ಒಂದಿಷ್ಟು ಹೋದರೂ ಪ್ರಾಣಕ್ಕೆ ಸಂಚಕಾರ, ಅದೂ ಆಸ್ಪತ್ರೆ ದೂರವಿರುವ ದಾರಿಯಲ್ಲಿ.

ಸುರಿದು ಮುಗಿದ ಕ್ಯಾನಿನ ಮುಚ್ಚಳವನ್ನು ಮತ್ತೆ ಬಿಗಿಯಾಗಿ ಹಾಕಬೇಕು. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ. 1.4ರಿಂದ 7.6ರವರೆಗೆ ಇರುವಾಗ ಮಾತ್ರ ಮಿಶ್ರಣ ಹೊತ್ತಿಕೊಳ್ಳುತ್ತದೆ. ತುಂಬಿದ ಕ್ಯಾನಿನೊಳಗೆ ಆವಿ ಸಾಮಾನ್ಯವಾಗಿ ಇದಕ್ಕಿಂತ ದಟ್ಟವಾಗಿರುತ್ತದೆ, ಖಾಲಿಯಾಗಿ ಗಾಳಿ ಹೊಕ್ಕ ಕ್ಯಾನೇ ಈ ಮಿತಿಯೊಳಗೆ ಬರುವುದು. ಖಾಲಿ ಕ್ಯಾನಿನ ಈ ತೊಡಕಿಗಾಗಿಯೇ ನಾನೀಗ ಪೆಟ್ರೋಲಿಗೆಂದೇ ತಯಾರಿಸಿದ ಮಡಚುವ ಚೀಲಗಳನ್ನು ಒಯ್ಯುತ್ತೇನೆ: ಸುರಿದಾದ ಮೇಲೆ ಒಳಗಿನ ಗಾಳಿ ಹಿಂಡಿ, ಮುಚ್ಚಳ ಹಾಕಿ ಸುತ್ತಿಟ್ಟರೆ ಆಯಿತು. ಗಟ್ಟಿ ಕ್ಯಾನಿನಷ್ಟು ಪೆಟ್ಟನ್ನು ಅವು ತಾಳವು, ಮಡಿಕೆಗಳಲ್ಲಿ ಸವೆಯುತ್ತವೆ. ಪ್ರತಿ ಪ್ರಯಾಣದ ಮುನ್ನ ಗಾಳಿ ತುಂಬಿದಂತೆ ಮುಚ್ಚಳ ಬಿಗಿದು, ಬಕೆಟ್ ನೀರಿನಲ್ಲಿ ಅದುಮಿ ನೋಡುತ್ತೇನೆ. ಗುಳ್ಳೆ ಎದ್ದ ಚೀಲವನ್ನು ಒಯ್ಯುವುದಿಲ್ಲ.